ಪದಚರ್ಚೆ: ಟ್ರಾಂಬೋನಿನ ‘ಸ್ಲೈಡ್’ಗೆ ‘ಜಾರು’ ಎನ್ನಬಹುದೇ?

ಪ್ರಶ್ನೆ:
ಟ್ರಾಂಬೋನ್ ಎಂಬ ಹಿತ್ತಾಳೆಯ ಊದುವಾದ್ಯವನ್ನು ಬೀಬಾಪ್ (1940ರ ದಶಕದ ವೇಗದ ಜಾಜ್) ಶೈಲಿಯಲ್ಲಿ ನುಡಿಸಿದ ಜೆ. ಜೆ. ಜಾನ್ಸನ್ (1924–2001) ಕುರಿತ ಲೇಖನದ ಕನ್ನಡ ಕರಡು ನನ್ನ ಮುಂದಿದೆ. ‘ಸ್ಲೈಡ್’, ‘ಗ್ಲಿಸಾಂಡೋ’ ಎರಡಕ್ಕೂ ‘ಜಾರು’ ಎಂದೇ ಹಾಕಿದ್ದಾರೆ. ‘ಜಾರುವಾದನದಲ್ಲಿ ಅಪ್ರತಿಮರು’ ಎಂಬ ವಾಕ್ಯವೂ ಇದೆ. ‘ಸೈಡ್‌ಮನ್’ಗೆ ‘ಪಕ್ಕವಾದ್ಯದವರು’, ‘ರೆಕಾರ್ಡಿಂಗ್’ಗೆ ಒಂದು ಕಡೆ ‘ಧ್ವನಿಮುದ್ರಣ’, ಇನ್ನೊಂದು ಕಡೆ ‘ಧ್ವನಿಮುದ್ರಿಕೆ’. 1952ರಲ್ಲಿ ‘ನಿವೃತ್ತರಾದರು’ ಎಂದಿದೆ. ಯಾವುದನ್ನು ಉಳಿಸಬಹುದು, ಯಾವುದನ್ನು ತಿದ್ದಬೇಕು? ಬಲ್ಲವರು ತಿಳಿಸಬೇಕು.

ಉತ್ತರ 1:
ಸರ್, ‘ಜಾರುವಾದನದಲ್ಲಿ ಅಪ್ರತಿಮರು’ ಎಂಬುದನ್ನು ಮೊದಲು ಹೊಡೆದುಹಾಕಿ. ಜಾನ್ಸನ್ ಹೆಸರು ಮಾಡಿದ್ದೇ ಜಾರದೆ ನುಡಿಸಿದ್ದಕ್ಕೆ.

‘ಜಾರು’ ನಮ್ಮಲ್ಲಿ ಖಾಲಿ ಬಿದ್ದಿರುವ ಪದವಲ್ಲ, ಗಮಕವೊಂದರ ಹೆಸರು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ದಾರಿಯನ್ನೆಲ್ಲ ಕೇಳಿಸುವುದು ಜಾರು. ಗ್ಲಿಸಾಂಡೋ ಕೂಡ ಅದೇ, ಅಲ್ಲಿ ಧೈರ್ಯವಾಗಿ ಬಳಸಿ. ನ್ಯೂ ಆರ್ಲಿಯನ್ಸಿನ ಕಿಡ್ ಓರಿಯಂಥ ಹಳೆಯ ಟ್ರಾಂಬೋನ್ ವಾದಕರ ‘ಟೈಲ್‌ಗೇಟ್’ ಶೈಲಿಗಾದರೆ ‘ಜಾರುವಾದನ’ ಸಲ್ಲುತ್ತದೆ.

ಸ್ಲೈಡ್ ಅನ್ನುವುದು ವಾದ್ಯದ ಭಾಗ. ಎರಡು ಒಳಕೊಳವೆಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಓಡುವ, ಯು ಆಕಾರದ ಹೊರಕೊಳವೆ. ‘ಸ್ಲೈಡ್’ ಎಂದೇ ಬಿಟ್ಟು, ಮೊದಲ ಸಲ ಬಂದಾಗ ಒಂದು ಸಾಲಿನಲ್ಲಿ ವಿವರಿಸಿದರೆ ಸಾಕು. ಸ್ಲೈಡನ್ನು ನಿಲ್ಲಿಸುವ ಜಾಗಕ್ಕೆ ‘ಪೊಸಿಷನ್’ ಎನ್ನುತ್ತಾರೆ; ಅದಕ್ಕೆ ‘ಸ್ಥಾನ’ ಚೆನ್ನಾಗಿದೆ. ಒಟ್ಟು ಏಳು ಸ್ಥಾನ. ಒಂದೊಂದು ಸ್ಥಾನ ಮುಂದೆ ಹೋದರೆ ಶ್ರುತಿ ಅರ್ಧ ಸ್ವರ ಇಳಿಯುತ್ತದೆ. ಸ್ಥಾನಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ: ಒಂದರಿಂದ ಎರಡಕ್ಕೆ ಸುಮಾರು 8 ಸೆಂ.ಮೀ., ಆರರಿಂದ ಏಳಕ್ಕೆ ಸುಮಾರು 11. ವೀಣೆಯ ಮೆಟ್ಟಿಲಿನಂಥ ಗುರುತು ಯಾವುದೂ ಇಲ್ಲ, ಪಿಟೀಲಿನ ಹಾಗೆ ಕಿವಿಯೇ ಗತಿ.

ಬೀಬಾಪ್ ವೇಗಕ್ಕೆ ಈ ವಾದ್ಯ ಯಾಕೆ ಒಗ್ಗುವುದಿಲ್ಲ ಎಂದು ಒಂದು ಸಣ್ಣ ತುಣುಕಿನಲ್ಲೇ ನೋಡಬಹುದು: ಇ-ಫ್ಲ್ಯಾಟ್, ಡಿ, ಸಿ ಎಂದು ಇಳಿಯುವ ಮೂರು ಪಾಶ್ಚಾತ್ಯ ಸ್ವರಗಳು. ಇ-ಫ್ಲ್ಯಾಟ್ ಇರುವುದು ಮೂರನೇ ಸ್ಥಾನದಲ್ಲಿ, ಡಿ ಸಾಮಾನ್ಯವಾಗಿ ಒಂದರಲ್ಲಿ, ಸಿ ಮತ್ತೆ ಮೂರರಲ್ಲಿ. ಅಂದರೆ ತೋಳು ಎರಡು ಸ್ಥಾನದಷ್ಟು ಒಳಗೆ ಬಂದು, ಕೂಡಲೇ ಅಷ್ಟೇ ಹೊರಗೆ ಹೋಗಬೇಕು. ಆದರೆ ಅದೇ ಡಿ ನಾಲ್ಕನೇ ಸ್ಥಾನದಲ್ಲೂ ಸಿಗುತ್ತದೆ. ಮೂರು, ನಾಲ್ಕು, ಮೂರು ಎಂದು ಹಿಡಿದರೆ ಓಡಾಟ ಅರ್ಧಕ್ಕಿಳಿಯುತ್ತದೆ. ಇದಕ್ಕೆ ‘ಪರ್ಯಾಯ ಸ್ಥಾನ’ ಎನ್ನಿ.

ಇಲ್ಲೊಂದು ತೊಡಕಿದೆ. ಸ್ಲೈಡ್ ಕದಲಿಸದೆ ತುಟಿಯ ಬಿಗಿ ಬದಲಿಸಿದರೂ ಬೇರೆ ಬೇರೆ ಸ್ವರ ಬರುತ್ತವೆ; ಆ ಒಂದೊಂದು ಮಜಲಿಗೆ ಹಾರ್ಮೋನಿಕ್ ಎನ್ನುತ್ತಾರೆ. ಮೂರರ ಇ-ಫ್ಲ್ಯಾಟ್, ನಾಲ್ಕರ ಡಿ ಎರಡೂ ಒಂದೇ ಹಾರ್ಮೋನಿಕ್ಕಿನವು. ಉಸಿರು ನಿಲ್ಲಿಸದೆ ಸ್ಲೈಡ್ ಎಳೆದರೆ ನಡುವೆ ಜಾರು ಕೇಳಿಯೇ ಕೇಳುತ್ತದೆ. ಅಲ್ಲಿ ನಾಲಿಗೆ ‘ದ’ ಎಂದಷ್ಟೇ ಹಗುರಾಗಿ ತಾಗಬೇಕು; ‘ತ’ ಎಂದು ಒತ್ತಿದರೆ ಸಾಲು ತುಂಡಾಗುತ್ತದೆ. ಡಿಯಿಂದ ಸಿಗೆ ಹೋಗುವಾಗ ಹಾರ್ಮೋನಿಕ್ಕೇ ಬದಲಾಗುವುದರಿಂದ ಜಾರು ತಾನಾಗಿ ಕಡಿಯುತ್ತದೆ. ನಾಲಿಗೆ, ತುಟಿ, ತೋಳು ಮೂರೂ ಒಂದೇ ಕ್ಷಣಕ್ಕೆ ಕೂಡಬೇಕು. ತೋಳು ಕೂದಲೆಳೆ ತಡವಾದರೂ ಸ್ವರ ಮಸುಕು. ಜಾನ್ಸನ್‌ರ ಸಾಲುಗಳಲ್ಲಿ ಆ ಮಸುಕು ಇರಲಿಲ್ಲ. ಇದು ಸ್ಲೈಡ್ ಅಲ್ಲ, ಗುಂಡಿ ಒತ್ತಿ ನುಡಿಸುವ ವಾಲ್ವ್ ಟ್ರಾಂಬೋನೇ ಇರಬೇಕು ಎಂದು ಕೇಳುಗರು ಅಂದುಕೊಂಡದ್ದು ಅದಕ್ಕೇ. (ವಾಲ್ವ್‌ಗೆ ‘ಕವಾಟ’ ಬೇಡ. ಓದುಗ ಹೃದ್ರೋಗದ ಲೇಖನ ಎಂದುಕೊಂಡಾನು.)

ಹೀಗೆ ನಾಲಿಗೆ ತಾಗಿಸಿ ಸ್ವರ ಬಿಡಿಸುವ ‘ಟಂಗಿಂಗ್’ಗೆ ನಾಗಸ್ವರ, ಕೊಳಲಿನವರ ‘ತುತ್ತುಕಾರ’ ಸಿದ್ಧವಾಗಿಯೇ ಇದೆ. ಅದನ್ನು ಬಿಟ್ಟು ‘ನಾಲಿಗೆಗಾರಿಕೆ’ ಎಂದು ಹೊಸದಾಗಿ ಹೊಸೆಯಬೇಕಿಲ್ಲ.

ಸೈಡ್‌ಮನ್ ಎಂದರೆ ನಾಯಕನಲ್ಲದ ತಂಡದ ವಾದಕ; ‘ಪಕ್ಕವಾದ್ಯ’ ಪದಶಃ ಹೊಂದಿದರೂ ಅರ್ಥದಲ್ಲಿ ಎಡವುತ್ತದೆ. 1947ರ ಡಿಸೆಂಬರ್ 17ರಂದು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಡಯಲ್ ಎಂಬ ರೆಕಾರ್ಡ್ ಕಂಪನಿಗೆ ನುಡಿಸಿದಾಗ ಜಾನ್ಸನ್ ಸೈಡ್‌ಮನ್. ಆದರೂ ಸೋಲೋ ನುಡಿಸುತ್ತಾರೆ. ನಮ್ಮ ಓದುಗರ ಮನಸ್ಸಿಗೆ ಪಕ್ಕವಾದ್ಯ ಎಂದೊಡನೆ ಬರುವುದು ಪಿಟೀಲು, ಮೃದಂಗ. ‘ತಂಡದ ವಾದಕ’ ಎನ್ನಿ. 1946ರಲ್ಲಿ ಸವಾಯ್ ಕಂಪನಿಗೆ ನುಡಿಸಿದಾಗ ಅವರೇ ‘ತಂಡದ ನಾಯಕ’. ಪಿಯಾನೋದಲ್ಲಿ ಬಡ್ ಪವೆಲ್, ಡ್ರಮ್ಸ್‌ನಲ್ಲಿ ಮ್ಯಾಕ್ಸ್ ರೋಚ್ ಇದ್ದರು.

ಉತ್ತರ 2:
ಮೇಲಿನವರು ಕೈಬಿಟ್ಟ ಎರಡಕ್ಕೆ ನನ್ನ ಉತ್ತರ.

‘ನಿವೃತ್ತರಾದರು’ ತಪ್ಪು. 1952ರಿಂದ 1954ರವರೆಗೆ ಅವರು ಸ್ಪೆರಿ ಜೈರೋಸ್ಕೋಪ್ ಕಂಪನಿಯಲ್ಲಿ ಯಂತ್ರನಕ್ಷೆಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದರು. ನಡುವೆ, 1953ರ ಜೂನ್ 22ರಂದು, ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಜೊತೆ ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿಗೆ ನುಡಿಸಿಯೂ ಬಂದರು. ‘ಹೊಟ್ಟೆಪಾಡಿಗೆ ಬೇರೆ ನೌಕರಿ ಹಿಡಿದರು’ ಎಂದರೆ ಸರಿಹೋಗುತ್ತದೆ.

‘ಧ್ವನಿಮುದ್ರಣ’ ಸ್ಟುಡಿಯೋದಲ್ಲಿ ನಡೆಯುವ ಕ್ರಿಯೆ, ‘ಧ್ವನಿಮುದ್ರಿಕೆ’ ಅಂಗಡಿಯಲ್ಲಿ ಸಿಗುವ ಪ್ಲೇಟು. ಎರಡನ್ನೂ ಬೆರೆಸಿದರೆ ಇಸವಿ ಕೆಡುತ್ತದೆ. ಈಗ ಹೇಳಿದ 1953ರ ಮುದ್ರಣ ಮೊದಲು 10 ಇಂಚಿನ ಎಲ್.ಪಿ. ಆಗಿ ಬಂತು, ಆಮೇಲೆ 12 ಇಂಚಿನದರಲ್ಲಿ ಸೇರಿತು. 1988ರ ಜುಲೈನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಮುದ್ರಿಸಿದ್ದು ‘ಕ್ವಿಂಟರ್ಜಿ’, ‘ಸ್ಟ್ಯಾಂಡರ್ಡ್ಸ್’ ಎಂದು ಎರಡು ಮುದ್ರಿಕೆಗಳಾಯಿತು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸರ ‘ಬರ್ತ್ ಆಫ್ ದ ಕೂಲ್’ ಇದಕ್ಕೆ ತದ್ವಿರುದ್ಧ: 1949ರ ಜನವರಿ, ಏಪ್ರಿಲ್, 1950ರ ಮಾರ್ಚ್ ಹೀಗೆ ಮೂರು ಸಲ ಮುದ್ರಿಸಿದ್ದನ್ನು ಒಟ್ಟುಮಾಡಿ 1957ರಲ್ಲಿ ಒಂದು ಎಲ್.ಪಿ. ತಂದರು. ‘1957ರ ಧ್ವನಿಮುದ್ರಣದಲ್ಲಿ ಜಾನ್ಸನ್ ನುಡಿಸಿದ್ದಾರೆ’ ಎಂದು ಬರೆದರೆ ಇಸವಿಯೂ ತಪ್ಪು, ಮಾತೂ ಅರ್ಧ ಸುಳ್ಳು; ಜನವರಿಯ ಟ್ರಾಂಬೋನ್ ಕೈ ವಿಂಡಿಂಗ್ ಅವರದು.

ಮುಂದೆ 1954ರಿಂದ 1956ರವರೆಗೆ ಜಾನ್ಸನ್ ಜೋಡಿಯಾಗಿ ನುಡಿಸಿದ್ದೂ ಈ ವಿಂಡಿಂಗ್ ಜೊತೆಗೇ. ಅವರ ಹೆಸರನ್ನು ‘ಕೈ’ ಎಂದು ಬರೆದರೆ ಹಸ್ತ, ‘ಕಾಯ್’ ಎಂದರೆ ತೆಂಗು. ಟ್ರಾಂಬೋನಿಗೆ ‘ಕೈ’ಯೇ ಮೇಲು. ವಾಕ್ಯದಲ್ಲಿ ಮಾತ್ರ ‘ವಿಂಡಿಂಗ್’ ಎಂಬುದನ್ನು ಬಿಡಬೇಡಿ. ‘ಜಾನ್ಸನ್ ಮತ್ತು ಕೈ’ ಎಂದಷ್ಟೇ ಇದ್ದರೆ ಅಚ್ಚಿನ ತಿದ್ದುಪಡಿ ಮಾಡುವವರು ‘ಜಾನ್ಸನ್ ಕೈ’ ಮಾಡಿಬಿಡುತ್ತಾರೆ.