ಸೈಲೆನ್ಸರ್ ಬಿಸಿಗೆ ಹೈಡ್ರೋಜನ್ ಬರುತ್ತಾ? ಮೆಕ್ಯಾನಿಕಲ್ ಬ್ಯಾಚ್ ಗುಂಪಿನಲ್ಲಿ ಜಗಳ

ಮಂಜ: (ಫಾರ್ವರ್ಡ್ ವಿಡಿಯೊ) ಸೈಲೆನ್ಸರ್ ಬಿಸಿಯಿಂದಲೇ ನೀರು ಒಡೆದು ಹೈಡ್ರೋಜನ್! ಮೈಲೇಜ್ ಡಬಲ್!! ಭಾವನ ಟೆಂಪೋಗೆ ಹಾಕಿಸೋಣ ಅಂತ.

ಸುಧಾ: ಬರೀ ಬಿಸಿಗೆ ನೀರು ಒಡೀಬೇಕಂದ್ರೆ 2000 ಡಿಗ್ರಿ ದಾಟಬೇಕು. ಇಂಜಿನ್ ಹೊಗೆ 400ರಿಂದ 700. ವಿಡಿಯೊ ನಿಲ್ಲಿಸಿ ನೋಡು, ಕೆಂಪು ವೈರು ಬ್ಯಾಟರಿಗೆ ಹೋಗಿದೆ. ಕರೆಂಟ್‌ನಿಂದ ನೀರು ಒಡೆಯೋ ಎಲೆಕ್ಟ್ರೊಲಿಸಿಸ್ ಡಬ್ಬ ಕಣೋ ಅದು.

ಮಂಜ: ಇರ್ಲಿ ಬಿಡು. ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಹೇಗೂ ತಿರುಗ್ತಾ ಇರುತ್ತೆ, ಕರೆಂಟ್ ಪುಕ್ಕಟೆ.

ರಾಘು: ಯಾವ ಪುಕ್ಕಟೆ? ಲೋಡ್ ಬಿದ್ದಷ್ಟೂ ಆಲ್ಟರ್ನೇಟರ್ ಬೆಲ್ಟ್ ಇಂಜಿನ್ನನ್ನ ಹಿಡಿದು ಎಳೆಯುತ್ತೆ. ನಿಮಿಷಕ್ಕೆ 1 ಲೀಟರ್ ಗ್ಯಾಸ್‌ಗೆ 6 ಸೆಲ್ ಸರಣಿಯಲ್ಲಿ ಸುಮಾರು 15 ಆಂಪ್, ಅಂದ್ರೆ 200 ವ್ಯಾಟ್. ಆಲ್ಟರ್ನೇಟರ್ ದಕ್ಷತೆ 55%, ಇಂಜಿನ್‌ದು 30% ಹಿಡಿ. ಸುಡೋ ಇಂಧನ 1200 ವ್ಯಾಟ್, ವಾಪಸ್ ಬರೋ ಹೈಡ್ರೋಜನ್ 110 ವ್ಯಾಟ್.

ಸುಧಾ: ಬಿಸಿ ಬಳಸಲೇಬೇಕಾ? ಮೆಥನಾಲ್ ತಗೋ. 1 ಲೀಟರ್‌ಗೆ 450 ಮಿಲಿ ನೀರು ಸೇರಿಸಿ, ಆವಿ ಮಾಡಿ, ತಾಮ್ರ-ಸತುವಿನ ಕ್ಯಾಟಲಿಸ್ಟ್ (ಕ್ರಿಯೆ ಚುರುಕು ಮಾಡೋ ವಸ್ತು) ಮೇಲೆ 250 ಡಿಗ್ರಿ ಆಸುಪಾಸಲ್ಲಿ ಹಾಯಿಸಿದ್ರೆ ಹೆಚ್ಚೆಂದ್ರೆ 150 ಗ್ರಾಂ ಹೈಡ್ರೋಜನ್. ಹೊಗೆಯಿಂದ ಹೀರಿಕೊಂಡ ಬಿಸಿ ಆ ಹೈಡ್ರೋಜನ್‌ನಲ್ಲೇ ಶಕ್ತಿಯಾಗಿ ಉಳಿಯುತ್ತೆ. ಅದೇ ಮೆಥನಾಲ್ ಸುಟ್ಟಿದ್ದಕ್ಕಿಂತ ಸುಮಾರು 14% ಜಾಸ್ತಿ ಶಕ್ತಿ.

ಪ್ರಕಾಶ: ಪರೀಕ್ಷೆಗೆ ಬರೆಯೋಕೆ ಚಂದ ಮಾರಾಯ್ತಿ. ಕಾರು ಹೈವೇಲಿ ಬಿಡೋ ಹೊಗೆ ಸೆಕೆಂಡಿಗೆ 20 ಗ್ರಾಂ. 500 ಡಿಗ್ರಿಯಿಂದ 280ಕ್ಕೆ ಇಳಿಸಿದ್ರೆ 5 ಕಿಲೋವ್ಯಾಟ್ ಸಿಗುತ್ತೆ. ಗಂಟೆಗೆ 5 ಲೀಟರ್ ಮೆಥನಾಲ್‌ಗೆ ಸರಿಹೋಯ್ತು, ಇಂಜಿನ್ ಕೇಳೋದರ ಅರ್ಧವೂ ಅಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಅದೂ ಇಲ್ಲ. ಘಾಟಿ ಹತ್ತುವಾಗ ಉಲ್ಟಾ: ಕ್ಯಾಟಲಿಸ್ಟ್ 300 ದಾಟಿದ್ರೆ ತಾಮ್ರದ ಕಣ ಒಂದಕ್ಕೊಂದು ಅಂಟಿ ಸಾಯುತ್ತೆ.

ಸುಧಾ: ಅದಕ್ಕೇ ಬಿಸಿ ಹೊಗೆಯನ್ನ ಬೇರೆ ದಾರಿಗೆ ತಿರುಗಿಸೋ ಬೈಪಾಸ್ ವಾಲ್ವ್ ಇಡೋದು. ಸ್ಟಾರ್ಟ್ ಪೆಟ್ರೋಲ್‌ನಲ್ಲಿ.

ಪ್ರಕಾಶ: ಎರಡು ಟ್ಯಾಂಕ್, ಮೆಥನಾಲ್ ತಡೆಯೋ ಸೀಲು, ಹೀಟ್ ಎಕ್ಸ್‌ಚೇಂಜರ್. ಇಂಜಿನ್ ಗಾಳಿ ಎಳೆಯೋ ಇಂಟೇಕ್‌ಗೆ ಹೈಡ್ರೋಜನ್ ಬಿಟ್ರೆ ಗಾಳಿಗೆ ಜಾಗ ಕಮ್ಮಿ, ಪವರ್ ಇಳಿಯುತ್ತೆ, ಬ್ಯಾಕ್‌ಫೈರ್ ಬೇರೆ. 14%ಗೆ ಇಷ್ಟೆಲ್ಲಾ?

ಸುಧಾ: ಡೈಮ್ಲರ್ 1997ರಲ್ಲೇ ನೆಕಾರ್ 3 ಕಾರಲ್ಲಿ ಹೀಗೆ ಮೆಥನಾಲ್‌ನಿಂದ ಹೈಡ್ರೋಜನ್ ತೆಗೆಯೋ ರಿಫಾರ್ಮರ್ ಕೂರಿಸಿತ್ತು.

ಪ್ರಕಾಶ: ಅದು ಹೈಡ್ರೋಜನ್‌ನಿಂದ ಕರೆಂಟ್ ಮಾಡ್ಕೊಂಡು ಓಡೋ ಫ್ಯುಯೆಲ್ ಸೆಲ್ ಕಾರು, ಇಂಜಿನ್ನೇ ಇಲ್ಲ. ಅಮೆರಿಕದ ಇಂಧನ ಇಲಾಖೆ 2004ರಲ್ಲಿ ಕಾರೊಳಗಿನ ರಿಫಾರ್ಮರ್ ಸಂಶೋಧನೆಯನ್ನೇ ಕೈಬಿಡ್ತು. ಸದಾ ಒಂದೇ ಲೋಡಿನಲ್ಲಿ ಓಡೋ ಹಡಗಿಗೋ ಜನರೇಟರ್‌ಗೋ ಆದ್ರೆ ಒಪ್ಕೋತೀನಿ.

ಮಂಜ: ಭಾವ ಅಡ್ವಾನ್ಸ್ ಕೊಟ್ಟಾಗಿದೆ 😐

ರಾಘು: ವಾಪಸ್ ಕೇಳೋಕೆ ಹೇಳು. ಆ ಡಬ್ಬದಲ್ಲಿ ಹೈಡ್ರೋಜನ್, ಆಕ್ಸಿಜನ್ ಬೆರೆತೇ ಬರುತ್ತೆ. ಕೀ ಆಫ್ ಮಾಡಿದಾಗ ಕರೆಂಟ್ ಕಡಿಯೋ ಇಗ್ನಿಷನ್ ರಿಲೇ ಇಲ್ದೆ ನೇರ ಬ್ಯಾಟರಿಗೆ ಕೊಟ್ಟಿದ್ರೆ ಗಾಡಿ ನಿಲ್ಲಿಸಿದ ಮೇಲೂ ಗ್ಯಾಸ್ ಬಾನೆಟ್ ಒಳಗೆ ತುಂಬ್ತಾ ಇರುತ್ತೆ.