ಸಹಾಯ ಬೇಕು: ಚೈನ್, ಫ್ರೀವೀಲ್ ಸಾಕಾ, ಗೇರ್ ಸೆಟ್ ಪೂರ್ತಿ ಬದಲಿಸಬೇಕಾ?

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವನು. ನನ್ನದು 3x7 ಗೇರ್ ಸೈಕಲ್, ಅಂದರೆ ಮುಂದೆ 3, ಹಿಂದೆ 7 ಹಲ್ಲುಚಕ್ರ. ಅತಿ ಹಗುರದ ಗೇರ್ ಅಂದರೆ ಮುಂದೆ 28 ಹಲ್ಲು, ಹಿಂದೆ 28. ಕೈಮರ ದಾಟಿ ಮುಳ್ಳಯ್ಯನಗಿರಿ ಏರಿನಲ್ಲಿ ಅದೂ ಸಾಲಲ್ಲ, ಮಂಡಿ ನೋಯುತ್ತದೆ. ಎದ್ದು ನಿಂತು ತುಳಿದರೆ ಚೈನ್ ಟಕ್ ಅಂತ ಹಲ್ಲು ಹಾರುತ್ತದೆ. ಸ್ಕೇಲ್ ಹಿಡಿದು ನೋಡಿದೆ. 12 ಇಂಚು ಇರಬೇಕಾದ ಕಡೆ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ ಇದೆ. ಹಾಗಾಗಿ ಚೈನ್, ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಸೆಟ್) ಎರಡೂ ಸವೆದು ಹೋಗಿವೆ ಅಂತಲೇ ನನ್ನ ಲೆಕ್ಕ.

14ರಿಂದ 34 ಹಲ್ಲಿನ ಫ್ರೀವೀಲ್ ಹಾಕಿದರೆ ಹಳೇ ಡಿರೇಲರ್ (ಚೈನ್ ಸರಿಸಿ ಗೇರ್ ಬದಲಿಸುವ ಭಾಗ) 34 ಹಲ್ಲಿಗೆ ಏರಿಸುತ್ತಾ? ಅಂಗಡಿಯಲ್ಲಿ 1x10 (ಮುಂದೆ 1, ಹಿಂದೆ 10) ಮಾಡಿಸಿ ಅಂತಾರೆ. ಆದರೆ ಅದಕ್ಕೆ ಫ್ರೀವೀಲ್ ಬದಲು ಕ್ಯಾಸೆಟ್ ಅನ್ನೋ ಬೇರೆ ಬಗೆಯ ಹಲ್ಲುಚಕ್ರ ಸೆಟ್ ಬೇಕು, ಅದು ನನ್ನ ಹಿಂಚಕ್ರದ ಹಬ್‌ಗೆ (ನಡುವಿನ ಗುಂಬ) ಕೂರಲ್ಲ, ಹಿಂದಿನ ಚಕ್ರ, ಶಿಫ್ಟರ್, ಡಿರೇಲರ್ ಎಲ್ಲಾ ಹೊಸದು ಬೇಕು. ಫ್ರೇಮ್ ಗಟ್ಟಿಯಾಗಿದೆ, ಮಾರೋ ಮನಸ್ಸಿಲ್ಲ. ನಮ್ಮ ಘಾಟಿಗಳಲ್ಲಿ 34 ಹಲ್ಲು ಬಳಸಿದವರು ದಯವಿಟ್ಟು ಹೇಳಿ.