ಡೆಬಿಯನ್ ಐಎಸ್‌ಒ ಒಳಗೆ ಕ್ಲೋಸ್ಡ್ ಸೋರ್ಸ್ ಸಾಫ್ಟ್‌ವೇರ್ ಹಾಕಿ ಹಂಚಬಹುದಾ?

ಖಾಲಿ_ಡಿಸ್ಕ್:
ಡೆಬಿಯನ್ 12 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಇಟ್ಕೊಂಡು ಗೊತ್ತಿರೋರಿಗೆ ಕೊಡೋಕೆ ಒಂದು ಐಎಸ್‌ಒ, ಅಂದ್ರೆ ಡಿಸ್ಕ್ ಇಮೇಜ್ ಫೈಲ್, ಮಾಡ್ತಿದೀನಿ, ಪೆನ್‌ಡ್ರೈವ್ ಚುಚ್ಚಿದ್ರೆ ಎಲ್ಲಾ ಓಡ್ಬೇಕು ಅಷ್ಟೇ. ವೈಫೈ ಫರ್ಮ್‌ವೇರ್ (ವೈಫೈ ಚಿಪ್ ಒಳಗೆ ಓಡೋ ಸಾಫ್ಟ್‌ವೇರ್), ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್, ಆಮೇಲೆ ಒಂದು ಸ್ಕ್ಯಾನರ್ ಸಾಫ್ಟ್‌ವೇರ್, ಅದು ಕಂಪನಿ ಸೈಟಲ್ಲಿ ಪುಕ್ಕಟೆ ಸಿಗುತ್ತೆ ಆದ್ರೆ ಸೋರ್ಸ್ ಕೊಡಲ್ಲ. ಜಿಪಿಎಲ್ (ಹಂಚಿದ್ರೆ ಸೋರ್ಸೂ ಕೊಡ್ಬೇಕು ಅನ್ನೋ ಲೈಸೆನ್ಸ್) ಸಾಫ್ಟ್‌ವೇರ್ ಪಕ್ಕ ಇಟ್ರೆ ಇದೂ ಜಿಪಿಎಲ್ ಆಗ್ಬಿಡುತ್ತೆ, ಅಂಟುಜಾಡ್ಯ ಅದು ಅಂತ ಒಬ್ರು ಹೆದರಿಸಿದ್ರು. ನಿಜಾನಾ?

ಹಳೇ_ಕರ್ನಲ್:
ಇಲ್ಲ ಗುರು. ಎರಡು ಬೇರೆಬೇರೆ ಪ್ರೋಗ್ರಾಂ ಒಂದೇ ಡಿಸ್ಕಲ್ಲಿ ಇದ್ದ ಮಾತ್ರಕ್ಕೆ ಏನೂ ಆಗಲ್ಲ, ಜಿಪಿಎಲ್ 2ರಲ್ಲೇ ಅದನ್ನ ಬರೆದಿದಾರೆ. ನಿನ್ನ ತಲೆನೋವು ಆ ಕ್ಲೋಸ್ಡ್ ಸಾಫ್ಟ್‌ವೇರ್ ಲೈಸೆನ್ಸ್ ಕಡೆಯಿಂದ ಬರೋದು. ಪುಕ್ಕಟೆ ಡೌನ್‌ಲೋಡ್ ಮಾಡ್ಕೋ ಅಂದ್ರೆ ಊರಿಗೆಲ್ಲ ಹಂಚು ಅಂತಲ್ಲ. ಆ ಸ್ಕ್ಯಾನರ್ ಲೈಸೆನ್ಸಲ್ಲಿ ‘ರೀಡಿಸ್ಟ್ರಿಬ್ಯೂಟ್’ ಅನ್ನೋ ಪದ ಹುಡುಕು.

ಪ್ಯಾಕೇಜ್_ಮೂಟೆ:
+1. ಮೈಕ್ರೋಸಾಫ್ಟ್ ಫಾಂಟ್ ಪ್ಯಾಕೇಜ್ ನೋಡಿ, ಅದರೊಳಗೆ ಒಂದು ಫಾಂಟೂ ಇರಲ್ಲ, ಇನ್‌ಸ್ಟಾಲ್ ಮಾಡುವಾಗ ನಿಮ್ಮ ಮಷೀನೇ ನೆಟ್ಟಿಂದ ಎಳ್ಕೊಳುತ್ತೆ. ಅನುಮತಿ ಸಿಕ್ಕಿದ್ರೂ ಶಾಶ್ವತ ಅಂತಿಲ್ಲ, 2006ರಲ್ಲಿ ಸನ್‌ನವರು ಜಾವಾ ಹಂಚೋಕೆ ಡಿಸ್ಟ್ರೋಗಳಿಗೆ (ಡೆಬಿಯನ್ ಥರದ ಲಿನಕ್ಸ್‌ಗಳಿಗೆ) ಅಂತಲೇ ಒಂದು ಲೈಸೆನ್ಸ್ ಕೊಟ್ರು, 2011ರಲ್ಲಿ ಒರಾಕಲ್ ಅದನ್ನ ನಿಲ್ಲಿಸ್ತು.
ಫರ್ಮ್‌ವೇರ್ ಬಗ್ಗೆ ತಲೆ ಕೆಡಿಸ್ಕೋಬೇಡಿ. 2022ರಲ್ಲಿ ಡೆಬಿಯನ್‌ನವರು ವೋಟ್ ಹಾಕಿ ಒಪ್ಕೊಂಡಾಯ್ತು, 12ರ ಇನ್‌ಸ್ಟಾಲರಲ್ಲೇ ಬರುತ್ತೆ. ಅದಕ್ಕೂ ಮುಂಚೆ ವೈಫೈ ಫರ್ಮ್‌ವೇರ್ ತರೋಕೆ ನೆಟ್ ಬೇಕು, ನೆಟ್ಟಿಗೆ ವೈಫೈ ಬೇಕು, ಆ ಕರ್ಮ ಅನುಭವಿಸಿದೋರಿಗೇ ಗೊತ್ತು 😂

ಹಳೇ_ಕರ್ನಲ್:
ಎನ್‌ವಿಡಿಯಾ ಮಾತ್ರ ಬೇರೆ ಕಥೆ, ಅದು ಪಕ್ಕದಲ್ಲಿ ಕೂರಲ್ಲ, ಕರ್ನಲ್ (ಲಿನಕ್ಸಿನ ತಿರುಳು, ಅದು ಜಿಪಿಎಲ್) ಒಳಗೇ ಹೋಗುತ್ತೆ. ಮೊದಲೇ ಬಿಲ್ಡ್ ಮಾಡಿದ ಡ್ರೈವರ್ ಮಾಡ್ಯೂಲ್ ಕರ್ನಲ್ ಜೊತೆ ಹಂಚಿದ್ರೆ ಜಿಪಿಎಲ್‌ಗೆ ಒಪ್ಪುತ್ತಾ ಇಲ್ವಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಡೆಬಿಯನಲ್ಲಿ ಮಾಮೂಲಾಗಿ ಡಿಕೆಎಂಎಸ್ ಅನ್ನೋ ಟೂಲ್ ಅದನ್ನ ಬಳಸೋರ ಮಷೀನಲ್ಲೇ ಬಿಲ್ಡ್ ಮಾಡುತ್ತೆ, ನೀನೂ ಹಂಗೇ ಬಿಡು. ಲೋಡ್ ಆದ್ಮೇಲೆ ಡಿಮೆಸೇಜ್ (ಕರ್ನಲ್ ಲಾಗ್) ನೋಡಿದ್ರೆ ಕರ್ನಲ್ ‘ಟೇಂಟ್’ (ಮೈಲಿಗೆ) ಆಯ್ತು ಅಂತ ಗೊಣಗಿರುತ್ತೆ, ಬೂಟ್ ಏನೂ ನಿಲ್ಲಲ್ಲ.
ಇನ್ನೊಂದು, ಎಲ್ರೂ ಮರೆಯೋದು: ಪೆನ್‌ಡ್ರೈವಲ್ಲಿ ಕೊಟ್ಟ ಜಿಪಿಎಲ್ ಪ್ಯಾಕೇಜ್‌ಗಳ ಸೋರ್ಸ್ ಕೊಡೋ ಹೊಣೆ ಈಗ ನಿಂದು. ಅದೇ ವರ್ಶನ್ ಸೋರ್ಸ್ ಇನ್ನೊಂದು ಡ್ರೈವಲ್ಲಿ ಇಳಿಸಿ ಜೊತೆಗೇ ಕೊಟ್ಬಿಡು.

ಖಾಲಿ_ಡಿಸ್ಕ್:
ಲೈಸೆನ್ಸ್ ಈಗ ಓದ್ದೆ. ನಾಲ್ಕನೇ ಪ್ಯಾರಾದಲ್ಲೇ ಇದೆ, ಬ್ಯಾಕಪ್‌ಗೆ ಒಂದೇ ಕಾಪಿ, ಬೇರೆಯವರಿಗೆ ಕೊಡಂಗಿಲ್ಲ. ಇಷ್ಟು ದಿನ ‘ಐ ಅಗ್ರೀ’ ಒತ್ತಿದ್ದೇ ಒತ್ತಿದ್ದು. ಅದನ್ನ ತೆಗೆದೆ, ಡೆಸ್ಕ್‌ಟಾಪಲ್ಲಿ ಕಂಪನಿ ಪೇಜಿನ ಲಿಂಕ್ ಇಡ್ತೀನಿ. ಆ ಸ್ಕ್ಯಾನರ್ ‘ಸೇನ್’ (ಓಪನ್ ಸೋರ್ಸ್ ಸ್ಕ್ಯಾನರ್ ಸಾಫ್ಟ್‌ವೇರ್) ಜೊತೆ ಓಡುತ್ತಾ ಅಂತಾನೂ ನೋಡ್ತೀನಿ, ಓಡಿದ್ರೆ ಲಿಂಕೂ ಬೇಡ.